ಮಂಚೇನಹಳ್ಳಿ ಗುಡ್ಡದಡಿ ಗೂಡು ಬೇಯಿಸಿದ್ದು

ಯಾರಿಗೂ ಬೇಡವಾದ ವ್ಯಾನು ಅದು. ನನ್ನ ಗಂಡ ನಿವೃತ್ತರಾದ ಮರುತಿಂಗಳೇ ಅದನ್ನು ಚಿಂತಾಮಣಿಯ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದಾಗ ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಇಂಗಿನ ಘಮವನ್ನೂ ಮೀರಿ ಆ ವಾಸನೆ ಅಡುಗೆಮನೆಗೆ ನುಗ್ಗಿತು. ಸೌಟು ಹಿಡಿದುಕೊಂಡೇ ಬೀದಿಗೆ ಓಡಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆಯಿಂದ ಬೆಂದ ಹುಳವನ್ನು ಮೂಟೆಗಟ್ಟಲೆ ತುಂಬಿಕೊಂಡು ಕೋಳಿ ಮೇವಿಗೆ ಸಾಗಿಸುತ್ತಿದ್ದ ಗಾಡಿ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

“ತೊಳೆದ್ರೆ ಹೋಗ್ತದೆ ಕಣೇ. ಇಂಜಿನ್ ಕೇಳು, ಹೆಂಗೈತೆ! ಹಾಸಿಗೆ, ಒಲೆ, ಬೀರು ಎಲ್ಲಾ ನಾನೇ ಕೂರಿಸ್ತೀನಿ. ನಾಯಿಗಳ್ನ ಹಾಕ್ಕೊಂಡು ಬೆಟ್ಟ ಬೆಟ್ಟ ಸುತ್ಕೊಂಡು ಬರಣ” ಅಂದರು. ಐಟಿಐಯಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸಿದ ಮನುಷ್ಯ. ಯಾವುದೇ ಹಳೇ ತಗಡು ಕಂಡರೂ ಅದರಲ್ಲೊಂದು ಮನೆ ಕಾಣುತ್ತದೆ ಅವರಿಗೆ.

“ಇದ್ರೊಳಕ್ಕೆ ನಾನು ಕಾಲಿಡಲ್ಲ” ಅಂದೆ. ಬೀದಿಗೆಲ್ಲ ಕೇಳಿಸಿತು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಅವರು ಸಾವಿರ ಸಲ ಹೇಳಿದ್ದಾರೆ. ಅವತ್ತು ಮಾತ್ರ ನನ್ನ ಮೂಗಿಗೆ ಕಾರಣವಿತ್ತು.

ಆ ವಾಸನೆಯಿಂದ ತಪ್ಪಿಸಿಕೊಳ್ಳುವುದಕ್ಕೇ ನಾನು ಓದಿದವಳು. ನಮ್ಮಮ್ಮ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಕೂಲಿಗೆ ಹೋಗುತ್ತಿದ್ದರು. ಕುದಿಯುವ ನೀರಲ್ಲಿ ರೇಷ್ಮೆಗೂಡು ಬೇಯಿಸಿ, ಎಳೆಯ ತುದಿ ಹುಡುಕಿ, ರಾಟೆಗೆ ಕೊಡುವ ಕೆಲಸ. ಎಳೆಯೆಲ್ಲ ಬಿಚ್ಚಿದ ಮೇಲೆ ಗೂಡಿನೊಳಗಿನ ಹುಳ ಕಂದು ಬಣ್ಣಕ್ಕೆ ಬೆಂದು ಉಳಿಯುತ್ತದೆ. ಅದರ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ. ಕೂದಲಿಗೆ, ಬಟ್ಟೆಗೆ, ಉಗುರಿನ ಸಂದಿಗೆ ಸೇರಿಕೊಂಡುಬಿಡುತ್ತದೆ. ಸ್ಕೂಲು ಬಿಟ್ಟ ಮೇಲೆ ನಾನೂ ಅಮ್ಮನ ಪಕ್ಕ ನಿಂತು ಎಳೆ ಹಿಡಿಯುತ್ತಿದ್ದೆ. ಮಾರನೇ ದಿನ ತರಗತಿಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದಳು. ಅವಳು ಸರಿಯುವುದಕ್ಕೆ ಹುಳ ಒಂದೇ ಕಾರಣವಲ್ಲ, ನಾನು ಬರುತ್ತಿದ್ದ ಕೇರಿಯೂ ಕಾರಣ ಅಂತ ಬೇಗ ತಿಳಿಯಿತು. ಹಟಕ್ಕೆ ಬಿದ್ದು ಓದಿದೆ. ಗಣಿತದ ಟೀಚರಾದೆ. ಚಿಂತಾಮಣಿಯಲ್ಲಿ ಮನೆ ಕಟ್ಟಿಕೊಂಡೆವು. ಅಮ್ಮ ಏನು ಕೆಲಸ ಮಾಡುತ್ತಿದ್ದರು ಅನ್ನುವುದನ್ನು ಸ್ಟಾಫ್ ರೂಮಿನಲ್ಲಿ ನಾನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ನಮಗೆ ಎರಡು ನಾಯಿ. ಒಂದು ಕರೀ ಮರಿ, ಅದಕ್ಕೆ ಎಲ್ಲವೂ ಹಬ್ಬವೇ. ಇನ್ನೊಂದು ಅಮ್ಮನ ನಾಯಿ, ಕೆಂಚು ಬಣ್ಣದ ಮುದಿ ಗಂಡು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅದು ಮೂರು ದಿನ ಅವರ ಮನೆ ಹೊಸಲು ಬಿಟ್ಟು ಏಳಲಿಲ್ಲ. ನನ್ನ ಗಂಡನೇ ಎತ್ತಿಕೊಂಡು ನಮ್ಮ ಮನೆಗೆ ತಂದರು. ಅದಕ್ಕೆ ಕಿವಿ ಪೂರ್ತಿ ಹೋಗಿದೆ, ಪಕ್ಕದಲ್ಲಿ ಪಟಾಕಿ ಹೊಡೆದರೂ ಕಣ್ಣು ಬಿಡುವುದಿಲ್ಲ. ಮೂಗು ಮಾತ್ರ ಚುರುಕು. ಅಮ್ಮನ ಕಡೆಯಿಂದ ನನಗೆ ಉಳಿದ ಜೀವ ಅದೊಂದೇ, ಹಾಗಾಗಿ ಅದರ ಮೇಲೆ ನನಗಿದ್ದ ಪ್ರೀತಿ ಸ್ವಲ್ಪ ಅತಿಯೇ.

ವ್ಯಾನು ತೊಳೆಯುವ ಯುದ್ಧ ಎರಡು ತಿಂಗಳು ನಡೆಯಿತು. ಸೋಡಾ, ಹುಣಸೆಹಣ್ಣು, ಸೀಗೆಪುಡಿ, ನಿಂಬೆಹಣ್ಣು, ಕೊನೆಗೆ ಕ್ಯಾನುಗಟ್ಟಲೆ ಫಿನಾಯಿಲ್. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂತ ಪಕ್ಕದ ಮನೆಯವರು ನಕ್ಕರು. ನಾನು ಬಿಡಲಿಲ್ಲ. ನಾನು ಉಜ್ಜಿ ಮುಗಿಸಿದ ಕಡೆ ನನ್ನ ಗಂಡ ಮಂಚ ಬೆಸುಗೆ ಹಾಕಿದರು, ಗ್ಯಾಸ್ ಒಲೆ ಕೂರಿಸಿದರು, ನಾಯಿಗಳಿಗೆ ಅಂತ ಹಿಂದಿನ ಬಾಗಿಲಿಗೆ ಒಂದು ಮೆಟ್ಟಿಲನ್ನೂ ಮಾಡಿದರು. ಒಂದು ಬೆಳಿಗ್ಗೆ ಒಳಗೆ ತಲೆ ಹಾಕಿ ಮೂಸಿದೆ. ಫಿನಾಯಿಲ್ ಬಿಟ್ಟರೆ ಏನೂ ಇಲ್ಲ. ಅವತ್ತೇ ಮುಂದಿನ ಗಾಜಿನ ಕೆಳಗೆ ಪುಟ್ಟ ಬುದ್ಧನನ್ನು ಅಂಟಿಸಿ, ಯಾವಾಗ ಹೊರಡುವುದು ಅಂತ ನಾನೇ ಕೇಳಿದೆ.

ಅವರೇಕಾಯಿ ಕಾಲದಲ್ಲಿ ಹೊರಟೆವು. ಕೈವಾರದ ಬೆಟ್ಟದಡಿ ಒಂದು ದಿನ ಇದ್ದೆವು. ಅಲ್ಲಿಂದ ಶಿಡ್ಲಘಟ್ಟ ದಾಟುವಾಗ ನಾನು ಕಿಟಕಿಗಳನ್ನೆಲ್ಲ ಏರಿಸಿದೆ. ಅಮ್ಮನ ನಾಯಿ ಮಾತ್ರ ಗಾಜಿಗೆ ಮೂಗೊತ್ತಿ ನಿಂತೇ ಇತ್ತು, ಊರು ಹಿಂದೆ ಬೀಳುವ ತನಕ ಕೂರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಅಂಗಡಿಯವನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರೂ ಒಳಗೆ ಇಣುಕಿದರು. “ಇದ್ರೊಳಗೇ ಮಲಗ್ತೀರಾ ಮೇಡಂ? ಅಡಿಗೇನೂ ಇಲ್ಲೇನಾ?” ಅಂತ ಕೇಳಿದರು. ನಾನು ಗೃಹಪ್ರವೇಶ ಮಾಡಿಸುವವಳಂತೆ ಬೀರು, ಒಲೆ ಎಲ್ಲ ತೆಗೆದು ತೋರಿಸಿದೆ. ಬೆಟ್ಟದ ಏರಿನಲ್ಲಿ ವ್ಯಾನು ಗುರುಗುಟ್ಟುತ್ತ ಹತ್ತಿದಾಗ ನನ್ನ ಗಂಡ ಸ್ಟೇರಿಂಗಿಗೆ ಮುತ್ತು ಕೊಟ್ಟರು. ನನಗೆ ಕೊಟ್ಟು ಎಷ್ಟು ಕಾಲವಾಯಿತು ಅಂತ ಕೇಳಿದೆ. ನಗುತ್ತ ಗೇರು ಬದಲಿಸಿದರು.

ನಾವು ನಿಂತಲ್ಲೆಲ್ಲ ಅಮ್ಮನ ನಾಯಿಗೆ ಒಂದು ಕ್ರಮವಿತ್ತು. ಇಳಿದ ಕೂಡಲೇ ನಾಲ್ಕೂ ಚಕ್ರಕ್ಕೆ ಒಂದೊಂದು ಸಲ ಕಾಲೆತ್ತುವುದು, ಮೆಟ್ಟಿಲಿಗೆ ಮೈ ಉಜ್ಜುವುದು, ಆಮೇಲೆ ಸುತ್ತಾಡಲು ಹೋಗುವುದು. ಎಷ್ಟೇ ದೂರ ಹೋದರೂ ನೆಲ ಮೂಸಿಕೊಂಡು ಸರಿಯಾಗಿ ಚಕ್ರದ ಹತ್ತಿರಕ್ಕೇ ವಾಪಸ್ ಬರುತ್ತಿತ್ತು. ಎರಡು ತಿಂಗಳು ಉಜ್ಜಿದ ನನ್ನ ಗಾಡಿ! ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಮೂರನೇ ದಿನ ಮಂಚೇನಹಳ್ಳಿ ದಾಟಿ, ಗುಡ್ಡದ ಬುಡದಲ್ಲಿ ಹಿಪ್ಪುನೇರಳೆ ತೋಟದ ಪಕ್ಕ, ಹುಣಸೆಮರದ ನೆರಳಲ್ಲಿ ನಿಲ್ಲಿಸಿದೆವು. ಊಟ ಮಾಡಿಕೊಂಡು ತೊಂಡೇಬಾವಿ ಮೇಲೆ ಗೌರಿಬಿದನೂರಿಗೆ ಹೋಗುವುದು ಅಂತಿತ್ತು. ನಾಯಿಗಳು ಇಳಿದವು. ಅಮ್ಮನ ನಾಯಿ ತನ್ನ ಕೆಲಸ ಮುಗಿಸಿ ಸೀತಾಫಲದ ಪೊದೆಗಳ ಕಡೆ ನಡೆಯಿತು. ನಾನು ಬಕೆಟ್ಟಿಗೆ ಫಿನಾಯಿಲ್ ಸುರಿದು ಚಕ್ರಗಳನ್ನು, ಮೆಟ್ಟಿಲನ್ನು, ಸುತ್ತಲಿನ ನೆಲವನ್ನು ಬಗ್ಗಿ ಬಗ್ಗಿ ತೊಳೆದೆ. ಆಮೇಲೆ ಅವರೇಕಾಳು ಸಾರು, ಮುದ್ದೆ ಮಾಡಿದೆ. ಉಂಡೆವು. ಮರಿ ಪಾತ್ರೆ ನೆಕ್ಕಿತು. ಅಮ್ಮನ ನಾಯಿಯ ತಟ್ಟೆ ಹಾಗೇ ಇತ್ತು.

ಮೊದಲು ಪೊದೆಗಳಲ್ಲಿ ನೋಡಿದೆವು. ಆಮೇಲೆ ತೋಟದಲ್ಲಿ, ಕಾಲುವೆಯಲ್ಲಿ, ರಸ್ತೆಯ ಎರಡೂ ಕಡೆ. ಕಿವಿ ಕೇಳದ ನಾಯಿಯನ್ನು ಹೇಗೆ ಕರೆಯುವುದು? ಆದರೂ ನಾನು ಕೂಗುತ್ತಲೇ ಇದ್ದೆ. ಗುಡ್ಡದ ಮೇಲೆ ಬಂಡೆ, ಬಂಡೆಯ ಹಿಂದೆ ಇನ್ನೊಂದು ಬಂಡೆ. ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ನಿಂತು ಕೇಳಿಸಿಕೊಂಡು, “ಮ್ಯಾಲೆ ಚಿರತೆ ಐತಮ್ಮ. ನಾಯಿ ಅಂದ್ರೆ ಅದ್ಕೆ ಪ್ರಾಣ” ಅಂದು ಕುರಿಗಳ ಹಿಂದೆ ಹೋದರು.

ಇಳಿಹೊತ್ತಿಗೆ ನನ್ನ ಗಂಡ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರು ಮೂಸಿದರು. ಎದ್ದು ನನ್ನ ಕಡೆ ತಿರುಗಿದರು.

“ಇದನ್ನೂ ತೊಳೆದ್ಯಾ?”

“ಹೂಂ.”

“ಅದರ ಅಡ್ರೆಸ್ಸೇ ಒರೆಸಾಕ್ಬಿಟ್ಯಲ್ಲೇ.”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ, ನಿಧಾನಕ್ಕೆ ಹೇಳಿದರು. ನನಗೆ ಆಗ ಹೊಳೆಯಿತು. ಕಿವುಡು ನಾಯಿಗೆ ಮನೆ ಅಂದರೆ ವಾಸನೆ ಒಂದೇ, ನಾನು ಅದನ್ನು ನನ್ನ ಕೈಯಾರೆ ಉಜ್ಜಿ ಕಳೆದಿದ್ದೆ. ಅಮ್ಮನ ಕೊನೆಯ ಗುರುತನ್ನು ಗುಡ್ಡದಲ್ಲಿ ಚಿರತೆಗೆ ಬಿಟ್ಟೆ ಅನ್ನಿಸಿ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಆ ರಾತ್ರಿ ಇಬ್ಬರೂ ಕಣ್ಣು ಮುಚ್ಚಲಿಲ್ಲ, ಹಿಂದಿನ ಬಾಗಿಲನ್ನೂ ಮುಚ್ಚಲಿಲ್ಲ.

ಬೆಳಕು ಹರಿಯುತ್ತಿದ್ದಂತೆ ನನ್ನ ಗಂಡ ಮತ್ತೆ ಗುಡ್ಡಕ್ಕೆ ಹೊರಟರು. ನಾನು ತಡೆದೆ. ನಾವು ಹೋಗಿ ಹುಡುಕುವುದಕ್ಕಿಂತ ಅದೇ ನಮ್ಮನ್ನು ಹುಡುಕಿಕೊಳ್ಳುವ ಹಾಗೆ ಮಾಡಬೇಕು ಅಂತ ರಾತ್ರಿಯೆಲ್ಲ ಯೋಚಿಸಿ ತೀರ್ಮಾನಿಸಿದ್ದೆ. ಆ ನಾಯಿ ಹುಟ್ಟಿ ಬೆಳೆದದ್ದು ನೂಲು ತೆಗೆಯುವ ಬೀದಿಯಲ್ಲಿ. ಅದರ ಮೂಗಿಗೆ ಮೈಲಿ ದೂರದಿಂದಲೂ ಗುರುತು ಸಿಗುವ ವಾಸನೆ ಯಾವುದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿತ್ತು. ತೋಟವಿದ್ದ ಮೇಲೆ ಹುಳ ಸಾಕುವ ಮನೆಯೂ ಇರಲೇಬೇಕು.

ಇತ್ತು. ತೋಟದ ಆ ತುದಿಯಲ್ಲಿ, ಕಿಟಕಿಗಳಿಗೆಲ್ಲ ಹಸಿರು ಬಲೆ ಹೊಡೆದ ಉದ್ದನೆಯ ಕಟ್ಟಡ. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಒಳಗಿನಿಂದ ನನ್ನ ವಯಸ್ಸಿನ ಹೆಂಗಸೊಬ್ಬರು ಕೈಯಲ್ಲಿ ಸೊಪ್ಪು ಹಿಡಿದುಕೊಂಡು ಓಡಿಬಂದರು.

“ಅಲ್ಲೇ ನಿಲ್ಲು! ಒಳಕ್ ಬರ್ಬೇಡ!”

ಹೊಸಲಿನ ಆಚೆ ನಿಂತು ಈ ಮಾತು ಕೇಳಿಸಿಕೊಂಡ ನೆನಪುಗಳು ನನಗೆ ಬೇಕಾದಷ್ಟಿವೆ. ಮೈಯೆಲ್ಲ ಉರಿದುಹೋಯಿತು. “ಯಾಕೆ? ನಾನು ಬಂದ್ರೆ ಏನಾಗತ್ತೆ?” ಅಂದೆ. ಧ್ವನಿ ಏರಿತ್ತು.

“ಫಿನಾಯಿಲ್ ಗಮಲು ಹೊಡೀತಾ ಐತಲ್ಲಮ್ಮ ನಿನ್ ಮೈಯಾಗೆ! ಹುಳ ಜ್ವರಕ್ಕೆ ಕೂತವೆ, ಈ ವಾಸ್ನೆಗೆ ಒಂದೂ ಏಳಲ್ಲ. ಅಲ್ಲಿಂದ್ಲೇ ಹೇಳು, ಏನ್ ಬೇಕು?”

ಪೊರೆ ಬಿಡುವ ಮೊದಲು ಹುಳಗಳು ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಆಗ ಹೊರಗಿನ ವಾಸನೆ ಆಗಬಾರದು ಅಂತ ನನಗೂ ಗೊತ್ತಿದ್ದದ್ದೇ. ಹುಳದ ವಾಸನೆ ಅಂತ ಜನ ದೂರ ಕೂರಿಸಿದ್ದವಳನ್ನು ಈಗ ಅತಿ ಚೊಕ್ಕಟವಾದಳು ಅಂತ ಹುಳಗಳೇ ಬಾಗಿಲಲ್ಲಿ ನಿಲ್ಲಿಸಿದ್ದವು. ಅಂಥ ಸಂಕಟದಲ್ಲೂ ನನಗೆ ನಗು ಬಂತು. ಎರಡು ಹೆಜ್ಜೆ ಹಿಂದೆ ಸರಿದು ನಾಯಿಯ ವಿಷಯ ಹೇಳಿ, ಗೂಡು ಸಿಕ್ಕೀತಾ ಅಂತ ಕೇಳಿದೆ.

“ನಾಯಿಗಾ?” ಅಂತ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಿತೋ, ಪಕ್ಕದ ಕೋಣೆಯಿಂದ ಒಂದು ಮಂಕರಿ ಎತ್ತಿಕೊಂಡು ಬಂದರು. “ಜಿಲ್ಲಿ ಗೂಡು. ಕರೆಯಾಗಿರೋದು, ತೆಳ್ಳಗಿರೋದು ಆರ್ಸಿ ಮಡಗಿದ್ದೆ. ಮಾರ್ಕೆಟ್ಟಾಗೆ ಯಾರೂ ಮೂಸಲ್ಲ ಇದ್ನ. ತಗೊಂಡೋಗು.” ನಾನು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಅವರೂ ಹಿಂದೆಯೇ ಬಂದರು. ಮದುವೆಯಾಗಿ ಬಂದಾಗಿನಿಂದ ಹುಳ ಸಾಕುತ್ತಿದ್ದರೂ, ಮಾರ್ಕೆಟ್ಟಿಗೆ ಹೋದ ಮೇಲೆ ಗೂಡು ಏನಾಗುತ್ತದೆ ಅಂತ ಅವರು ಕಣ್ಣಾರೆ ಕಂಡಿರಲಿಲ್ಲವಂತೆ.

ವ್ಯಾನಿನ ಹಿಂದಿನ ಬಾಗಿಲು ಹಾರುಹೊಡೆದು, ಒಲೆಯನ್ನು ಮೆಟ್ಟಿಲ ಪಕ್ಕಕ್ಕೆ ತಂದು, ಮುದ್ದೆ ಪಾತ್ರೆಯಲ್ಲಿ ನೀರು ಕುದಿಸಿದೆ. ಎರಡು ಹಿಡಿ ಗೂಡು ಹಾಕಿ ಸೌಟಿನಿಂದ ಅದುಮಿದೆ. ಪಕ್ಕದಲ್ಲಿ ಬೆರಳು ಅದ್ದಲು ತಣ್ಣೀರಿನ ಬಟ್ಟಲು. ಹಿಡಿಕಡ್ಡಿ ಪೊರಕೆಯ ತುಂಡಿನಿಂದ ಗೂಡುಗಳ ನೆತ್ತಿ ಸವರಿದರೆ ಸಾಕು, ಎಳೆಯ ತುದಿಗಳು ಅಂಟಿಕೊಂಡು ಮೇಲೆ ಬರುತ್ತವೆ. ಬಂದವು. ಎಂಟು ಹತ್ತು ತುದಿ ಸೇರಿಸಿ, ಹೊಸೆದು, ಎಳೆದೆ. ಅಷ್ಟು ವರ್ಷದ ಮೇಲೂ ಬೆರಳುಗಳು ಮರೆತಿರಲಿಲ್ಲ. ಬಿಸಿಗೆ ಹೆದರಲೂ ಇಲ್ಲ. ಮಡಚುವ ಸ್ಟೂಲನ್ನು ತಲೆಕೆಳಗಾಗಿ ಹಿಡಿದು ನನ್ನ ಗಂಡ ತಿರುಗಿಸತೊಡಗಿದರು. ಅದರ ಕಾಲುಗಳಿಗೆ ಹೊನ್ನಿನ ಬಣ್ಣದ ನೂಲು ಸುತ್ತಿಕೊಳ್ಳುತ್ತ ಹೋಯಿತು. ಮದುವೆಯಾಗಿ ಮೂವತ್ತು ವರ್ಷವಾದರೂ ನಾನು ಈ ಕೆಲಸ ಮಾಡುವುದನ್ನು ಅವರು ನೋಡಿದ್ದು ಅದೇ ಮೊದಲು.

“ಎಂತ ಬಾಗುಂದಮ್ಮ! ಎಷ್ಟ್ ಚೆಂದ!” ಅಂತ ಆ ಹೆಂಗಸು ಕೆನ್ನೆಗೆ ಕೈಯಿಟ್ಟುಕೊಂಡರು. “ಎಲ್ ಕಲ್ತೆ ಇದ್ನೆಲ್ಲ?”

“ಪುಸ್ತಕದಲ್ಲಿ ಓದಿದ್ದೆ. ಟೀಚರ್ ಆಗಿದ್ದೆ ನಾನು” ಅಂದುಬಿಟ್ಟೆ. ಬಾಯಿಗೆ ಅದೇ ಅಭ್ಯಾಸ. ನನ್ನ ಗಂಡ ಸ್ಟೂಲು ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ತಿರುಗಿಸಿದರು.

ವಾಸನೆ ಏಳತೊಡಗಿತು. ಮೊದಲ ಪಾತ್ರೆಯ ಹುಳಗಳನ್ನು ಬಸಿದು ತಟ್ಟೆಗೆ ಹಾಕಿ ಮೆಟ್ಟಿಲ ಮೇಲಿಟ್ಟೆ. ಬಸಿದ ನೀರನ್ನು ಒಂದೊಂದು ಚಕ್ರಕ್ಕೂ ಚೆಲ್ಲಿದೆ. ವ್ಯಾನಿನ ಒಳಗೂ, ನನ್ನ ಕೂದಲಿಗೂ, ಸೀರೆಗೂ ಅದು ಹತ್ತಿಕೊಂಡಿತು. ಎರಡು ತಿಂಗಳ ದುಡಿಮೆ ಒಂದು ಗಂಟೆಯಲ್ಲಿ ನೀರುಪಾಲು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಅಮ್ಮ ಪಕ್ಕದಲ್ಲೇ ನಿಂತ ಹಾಗಾಯಿತು. ಬಿಸಿಲೇರಿದಂತೆ ಗಾಳಿ ಗುಡ್ಡದ ಕಡೆಗೆ ಬೀಸತೊಡಗಿತು. ಒಣಗಿದ ಹುಣಸೆ ಎಲೆಗಳು ಬಂಡೆಗಳತ್ತ ಹಾರುವುದನ್ನು ನನ್ನ ಗಂಡ ಬೆರಳು ಮಾಡಿ ತೋರಿಸಿದರು.

ಎರಡನೇ ಪಾತ್ರೆ ಇಳಿಯಿತು. ನಾಯಿ ಬರಲಿಲ್ಲ. ಮೂರನೆಯದನ್ನು ಇಟ್ಟೆ. ಅಷ್ಟು ಹೊತ್ತಿಗೆ ಆ ಹೆಂಗಸಿನ ಮನೆಯಿಂದ, ಪಕ್ಕದ ತೋಟದಿಂದ ನಾಲ್ಕೈದು ಜನ ಹೆಂಗಸರು ಬಂದು ಸುತ್ತ ನಿಂತಿದ್ದರು. ನಾನು ಯಾರನ್ನೂ ನೋಡಲಿಲ್ಲ. ನೂಲು ಎಳೆಯುವುದು, ಗುಡ್ಡ ನೋಡುವುದು, ಮತ್ತೆ ಎಳೆಯುವುದು. ಮಂಕರಿಯ ತಳ ಕಾಣುತ್ತಿತ್ತು. ಅದು ಮುಗಿದರೆ ಆಮೇಲೇನು ಅಂತ ನನಗೆ ಗೊತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಮರಿ ಎದ್ದು ನಿಂತಿತು. ಅದರ ಕಿವಿ ನೆಟ್ಟಗಾಯಿತು. ನಾನು ತಲೆಯೆತ್ತಿದೆ. ಮೇಲೆ, ಎರಡು ಬಂಡೆಗಳ ನಡುವೆ, ಕೆಂಚು ಬಣ್ಣದ್ದೊಂದು ನಿಂತಿತ್ತು. ಮೂಗನ್ನು ಆಕಾಶಕ್ಕೆ ಎತ್ತಿ ಅತ್ತ ಇತ್ತ ಆಡಿಸಿತು. ಒಂದು ಕಾಲು ಎಳೆಯುತ್ತ ಇಳಿಯತೊಡಗಿತು. ಪೊದೆಯಲ್ಲಿ ಮರೆಯಾಯಿತು, ಮತ್ತೆ ಕಂಡಿತು. ತೋಟದ ಬದುವಿಗೆ ಬರುವಷ್ಟರಲ್ಲಿ ಆ ಮುದಿ ನಾಯಿ, ಮೂರೇ ಕಾಲಲ್ಲಿ, ಓಡುತ್ತಿತ್ತು!

ನಾನು ನೂಲು ಬಿಸಾಕಿ ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ, ಪರೀಕ್ಷೆಯಲ್ಲಿ ಇಡೀ ತರಗತಿ ಪಾಸಾದಾಗಲೂ ಹಾಗೆ ಕಿರುಚಿದವಳಲ್ಲ. ನನ್ನ ಗಂಡ ಸ್ಟೂಲನ್ನು ತಲೆಯ ಮೇಲೆ ಎತ್ತಿ ಹಿಡಿದು ಕುಣಿದರು, ನೂಲೆಲ್ಲ ಅವರ ಬೋಳು ತಲೆಗೆ ಸುತ್ತಿಕೊಂಡಿತು. ಅಮ್ಮನ ನಾಯಿ ನಮ್ಮಿಬ್ಬರನ್ನೂ ಕ್ಯಾರೇ ಅನ್ನದೆ ನೇರ ತಟ್ಟೆಗೆ ಬಾಯಿ ಹಾಕಿತು. ಗಬಗಬ ತಿಂದಿತು. ತಿಂದು ಮುಗಿಸಿ, ನಾಲ್ಕೂ ಚಕ್ರವನ್ನು ಒಂದೊಂದಾಗಿ ಮೂಸಿ, ನಿಧಾನಕ್ಕೆ ಕಾಲೆತ್ತಿತು. ಸುತ್ತ ನಿಂತ ಹೆಂಗಸರೆಲ್ಲ ಚಪ್ಪಾಳೆ ಹೊಡೆದು ನಕ್ಕರು. ನಾನು ನೆಲದಲ್ಲಿ ಕೂತು ಅದರ ಕುತ್ತಿಗೆ ತಬ್ಬಿಕೊಂಡು ನಕ್ಕೆ, ಅತ್ತೆ, ಮತ್ತೆ ನಕ್ಕೆ. ನನ್ನ ಗಂಡ ಅದರ ಅಂಗಾಲಿನ ಮುಳ್ಳು ಕೀಳುವಾಗಲೂ ನಾನು ಬಿಡಲಿಲ್ಲ.

ಗೂಡು ಕೊಟ್ಟ ಹೆಂಗಸು ಪಕ್ಕದಲ್ಲಿ ಕುಕ್ಕರಿಸಿ, ಸ್ಟೂಲಿನ ಕಾಲಿನಿಂದ ನೂಲನ್ನು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದಿದ್ದರು. “ಟೀಚರಮ್ಮ, ಯಾವ್ ಪುಸ್ತಕದಾಗೆ ಬರ್ದವ್ರೆ ಹೇಳು ಇದ್ನ? ನನ್ ಮೊಮ್ಮಗಳ ಕೈಲಿ ಓದಿಸ್ಕೊಂತೀನಿ” ಅಂದರು.

ಎದ್ದು ನಿಂತೆ. ಕೈಗಳು ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು, ಗಬ್ಬು ನಾರುತ್ತಿದ್ದವು. ಅವುಗಳನ್ನು ಸೀರೆಗೆ ಒರೆಸಿಕೊಳ್ಳಲಿಲ್ಲ.

“ಪುಸ್ತಕ ಇಲ್ಲ ಅಕ್ಕ. ಸುಳ್ಳು ಹೇಳ್ದೆ. ನಮ್ಮಮ್ಮ ಶಿಡ್ಲಘಟ್ಟದಲ್ಲಿ ಕೂಲಿಗೆ ಹೋಗಿ ನೂಲು ತೆಗೀತಿದ್ರು. ನಾನು ಅವರ ಪಕ್ಕ ನಿಂತ್ಕೊಂಡು ಕಲ್ತೆ. ಈ ನಾಯಿ ಅವರದೇ.”

ಆಡಿದ ಮಾತು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು. ಯಾರೂ ದೂರ ಸರಿಯಲಿಲ್ಲ. ಆ ಹೆಂಗಸು ಮಂಕರಿಯ ತಳದಲ್ಲಿ ಉಳಿದಿದ್ದ ಗೂಡುಗಳನ್ನು ಉಡಿಗೆ ಬಾಚಿಕೊಂಡು ಒಲೆಯ ಮುಂದೆ ಬಂದು ಕೂತರು. “ಹಂಗಾದ್ರೆ ಸರಿಯಾಗೇ ಕಲ್ತಿದೀಯ. ಎಳೆ ಹೆಂಗ್ ಹುಡುಕ್ತೀಯ ಅಂತ ಮೊದ್ಲಿಂದ ತೋರ್ಸು, ನಾನೂ ಕೈ ಹಾಕ್ತೀನಿ” ಅಂದರು. ನಾನು ಅವರ ಕೈ ಹಿಡಿದು ಮೊದಲು ತಣ್ಣೀರಿನ ಬಟ್ಟಲಿಗೆ ಅದ್ದಿಸಿದೆ, ಅಮ್ಮ ನನಗೆ ಕಲಿಸಿದ್ದೂ ಹಾಗೆಯೇ.